ಮಿರ್ಚಿಯೂ ತರಕಾರಿಯೇ ಅಲ್ಲವೇ?

ಡಾಕ್ಟರು "ತರಕಾರಿ ಜಾಸ್ತಿ ತಿನ್ನಿ" ಎಂದಾಗ ನಾನು ಧೈರ್ಯವಾಗಿಯೇ ತಲೆಯಾಡಿಸಿದೆ. ಹೊಸಪೇಟೆಯ ಸಂಜೆಗಳಲ್ಲಿ ಒಗ್ಗರಣಿ ಮಂಡಕ್ಕಿ ಜೊತೆ ಇಳಿಸುವ ಮಿರ್ಚಿ ಮತ್ತೇನು, ಹಣ್ಣೇ? ಕಡಲೆಹಿಟ್ಟಿನ ಅಂಗಿ ತೊಟ್ಟ ಮಾತ್ರಕ್ಕೆ ಮೆಣಸಿನಕಾಯಿಯ ಜಾತಿ ಕೆಡುತ್ತದೆಯೇ? ಮನೆಯಲ್ಲಿ ಈ ವಾದ ನಡೆಯಲಿಲ್ಲ. ಮರುದಿನವೇ ತಾಟಿಗೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಹಸಿ ಮೆಂತ್ಯ ತಪ್ಪಲು, ಮೂಲಂಗಿ ಬಂದು ಬಿದ್ದವು. ಹೇಗೋ ಅಗಿದೆ.

ಬದನೆಕಾಯಿಯೊಂದನ್ನು ಮಾತ್ರ ಕೇಳಬೇಡಿ. ಆದರೆ ಇದು ಹಂಪಿಯ ಸೀಮೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಪೇಟೆಗೆ ದಿನವೂ ಬರುತ್ತಿದ್ದ ನಿಂಬೆ, ಕಿತ್ತಳೆ, ಬದನೆಯ ಹೇರು ಕಂಡು ದಂಗಾಗಿ ಬರೆದಿಟ್ಟಿದ್ದಾನೆ. ಐನೂರು ವರ್ಷದಿಂದ ಬದನೆ ಬೀಡುಬಿಟ್ಟ ಕಡೆ ನಾನೆಲ್ಲಿಗೆ ಓಡಲಿ? ಸಂಡೂರಿನ ಬೀಗರ ಮನೆಗೆ ಹೋದರೆ ಎಣ್ಣೆಗಾಯಿ. ಕಂಪ್ಲಿ ಭತ್ತದ ಸೀಮೆ, ಅಲ್ಲಾದರೂ ಬರೀ ಅನ್ನ ಸಿಕ್ಕೀತೆಂದು ಕೂತರೆ ಅನ್ನದ ಮೇಲೆ ಬದನೆಯ ಹುಳಿ!

ಈಗ ಎಣ್ಣೆಗಾಯಿಯ ಹೊಟ್ಟೆಯೊಳಗಿನ ಶೇಂಗಾ ಮಸಾಲೆಯನ್ನಷ್ಟೇ ಬಳಿದುಕೊಂಡು, ಬದನೆಯನ್ನು ರೊಟ್ಟಿಯಡಿ ಅಡಗಿಸುತ್ತೇನೆ. ಹಾಳಾದ್ದು, ತೊಟ್ಟು ಇಣುಕುತ್ತದೆ. ಮುಚ್ಚಲು ಇನ್ನೊಂದು ರೊಟ್ಟಿ ಕೇಳುತ್ತೇನೆ. ಪಥ್ಯ ಒಗ್ಗಿತು, ಹಸಿವು ಹೆಚ್ಚಿತು ಎಂದು ಮನೆಯವರಿಗೆ ಭಾರೀ ಖುಷಿ. ಜೊತೆಗೆ ಇನ್ನೆರಡು ಬದನೆಕಾಯಿ ಬಡಿಸುತ್ತಾರೆ.