ಲಾಕಪ್ಪನವರು

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಬೀದಿಗೊಬ್ಬರಾದರೂ ಲಾಕಪ್ಪನವರು ಸಿಗುತ್ತಾರೆ. ಮನೆಯವರು ಇಟ್ಟ ಹೆಸರು ಬೇರೆ, ಇದು ಆಫೀಸಿನ ಹುಡುಗರು ಇಟ್ಟದ್ದು. ಬೆಳಿಗ್ಗೆ ಚೆಲುವಾಂಬ ಪಾರ್ಕಿನಲ್ಲಿ ನಾಲ್ಕು ಸುತ್ತು, ವೆಂಕಟರಮಣಸ್ವಾಮಿಗೊಂದು ನಮಸ್ಕಾರ. ಮನೆಗೆ ಬಂದು ಪೇಪರ್ ಹಿಡಿದರೆ ಅವರು ಓದಿ ಮಡಿಸುವ ತನಕ ಮಿಕ್ಕವರು ಒಂದು ಹಾಳೆಯನ್ನೂ ಮುಟ್ಟುವ ಹಾಗಿಲ್ಲ. ಆಮೇಲೆ ಮೊಳೆಗೆ ನೇತುಹಾಕಿದ ಒಂಟಿಕೊಪ್ಪಲ್ ಪಂಚಾಂಗದತ್ತ ಕಣ್ಣು ಹಾಯಿಸಿ, ಸ್ಕೂಟರ್ ಹತ್ತಿ ಹೆಬ್ಬಾಳದ ಕಡೆಯ ಸಾಫ್ಟ್‌ವೇರ್ ಕಂಪನಿಗೆ. ಅಲ್ಲಿ ಮೊದಲ ಕೆಲಸ, ಪ್ರಾಜೆಕ್ಟಿನ ಮುಖ್ಯ ಫೈಲಿಗೆ ಲಾಕ್ ಹಾಕುವುದು. ಎರಡನೆಯದು, ಕಾಫಿಗೆ ಹೋಗುವುದು.

"ಸಾರ್, ಆ ಫೈಲ್ ಸ್ವಲ್ಪ ಬಿಡ್ತೀರಾ? ಒಂದೇ ಒಂದು ಲೈನ್ ತಿದ್ದಬೇಕಿತ್ತು."

"ಇರಪ್ಪಾ, ನಾನು ಅದರಲ್ಲೇ ಇದ್ದೀನಲ್ಲ."

ಇರುವುದು ನಿಜ, ಸೋಮವಾರದಿಂದಲೂ ಅದರಲ್ಲೇ ಇದ್ದಾರೆ. ಶುಕ್ರವಾರ ಇನ್ನೇನು ಬಿಡಬೇಕು ಎನ್ನುವಷ್ಟರಲ್ಲಿ ಹತ್ತೂವರೆ, ರಾಹುಕಾಲ ಶುರು. ಹನ್ನೆರಡಕ್ಕೆ ಅದು ಮುಗಿಯಿತೆನ್ನುವಾಗ ಊಟ. ಊಟವಾದ ಮೇಲೆ ನೆಂಟರ ಮನೆ ಗೃಹಪ್ರವೇಶಕ್ಕೆ ನಂಜನಗೂಡು. ಲಾಕ್ ಹಾಕಿದ ಹಾಗೇ ಇರುತ್ತದೆ.

ಅವರ ಮಡಿಗೂ ಒಂದು ಪರಂಪರೆಯುಂಟು. 1982ರ ಹೊತ್ತಿಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಚಿ ರೂಪಿಸಿದ, ಫೈಲಿನ ತಿದ್ದುಪಡಿಗಳ ಲೆಕ್ಕವಿಡುವ ಆರ್‌ಸಿಎಸ್ ಎಂಬ ತಂತ್ರಾಂಶದಲ್ಲಿ ಲಾಕ್ ಹಾಕಿದವರೇ ತಿದ್ದಬೇಕು. ಬೇರೆಯವರ ಲಾಕ್ ಮುರಿಯಬಹುದಿತ್ತು. ಆದರೆ ಯಾಕೆ ಮುರಿದೆ ಎಂದು ಬರೆಯಬೇಕು, ಅದು ಲಾಕಿನ ಯಜಮಾನರಿಗೆ ಮೇಲ್ ಆಗಿ ಹೋಗುತ್ತಿತ್ತು. ಎಷ್ಟು ಮರ್ಯಾದಸ್ಥ ಕಳ್ಳತನ!

ಹುಡುಗರ ಪಕ್ಷಕ್ಕೂ ಹಿರಿಯರಿದ್ದಾರೆ. ಆಮ್‌ಸ್ಟರ್‌ಡ್ಯಾಮಿನ ಮೇಷ್ಟ್ರು ಡಿಕ್ ಗ್ರೂನ್ 1984-85ರಲ್ಲಿ ಇಬ್ಬರು ಶಿಷ್ಯರೊಡನೆ ಕಂಪೈಲರ್ ಕೆಲಸಕ್ಕಿಳಿದಿದ್ದರು. ಒಬ್ಬ ಶಿಷ್ಯ ಒಂಬತ್ತಕ್ಕೆ ಬಂದು ಐದಕ್ಕೆ ಏಳುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಮೇಷ್ಟ್ರಿಗೋ ಸಂಜೆ ಮಾತ್ರ ಬಿಡುವು. ಒಬ್ಬರಿಗೊಬ್ಬರು ಕಾಯುತ್ತ ಕೂತರೆ ಆದಂತೆಯೇ! ಅವರವರ ಪ್ರತಿಯಲ್ಲಿ ಅವರವರು ತಿದ್ದಿ ಆಮೇಲೆ ಕೂಡಿಸುವ ಸಿವಿಎಸ್ ಹುಟ್ಟಿದ್ದು ಹಾಗೆ. ಇವತ್ತಿನ ಗಿಟ್ ಕೂಡ ಲಾಕಿಗೆ ಕಾಯುವುದಿಲ್ಲ.

"ಇಬ್ಬರೂ ಒಂದೇ ಲೈನ್ ತಿದ್ದಿದರೆ?" ಇದು ಲಾಕಪ್ಪನವರ ಬ್ರಹ್ಮಾಸ್ತ್ರ. ಆಗ ಕಂಪ್ಯೂಟರ್ ಇಬ್ಬರು ಬರೆದದ್ದನ್ನೂ ಮೇಲೆ ಕೆಳಗೆ ಇಟ್ಟು, ನಡುವೆ ಏಳು ಸಮಚಿಹ್ನೆಗಳ ಗೆರೆ ಎಳೆದು, ನೀವುನೀವೇ ಮಾತಾಡಿಕೊಳ್ಳಿ ಎಂದು ಕೈತೊಳೆದುಕೊಳ್ಳುತ್ತದೆ. ಅವರಿಗೆ ಬೇಡವಾದದ್ದೇ ಆ ಮಾತು. ಮೊನ್ನೆ ಸೇರಿದ ಹುಡುಗಿ ಬರೆದದ್ದೇ ಚೆನ್ನಾಗಿದ್ದುಬಿಟ್ಟರೆ?

ಅವರ ಕಡೆಯೂ ನ್ಯಾಯವಿಲ್ಲದಿಲ್ಲ. ಫೋಟೋ, ಯಂತ್ರದ ಡ್ರಾಯಿಂಗ್ ಇಂಥವನ್ನು ಸಾಲುಸಾಲಾಗಿ ಕೂಡಿಸಲಾಗದು. ಲಾಕಿಲ್ಲದೆ ಹೊರಟ ಸಬ್‌ವರ್ಷನ್ ಎಂಬ ಇಂಥದೇ ತಂತ್ರಾಂಶ ಕೂಡ 2005ರ ತನ್ನ 1.2ನೇ ಆವೃತ್ತಿಯಲ್ಲಿ ಲಾಕನ್ನು ಒಳಗೆ ಕರೆದುಕೊಂಡಿತು. ಇದನ್ನೇ ನೋಡಿ ಮ್ಯಾನೇಜರರು ರಾಜಿಸೂತ್ರ ಹೊರಡಿಸಿದರು: ಕೋಡಿಗೆ ಲಾಕ್ ಇಲ್ಲ, ಚಿತ್ರಗಳಿಗೆ ಮಾತ್ರ.

ಲಾಕಪ್ಪನವರು ಚಕಾರವೆತ್ತಲಿಲ್ಲ. ಈಗ ಪ್ರಾಜೆಕ್ಟಿನ ಟಿಪ್ಪಣಿಯನ್ನೆಲ್ಲ ಹಾಳೆಯ ಮೇಲೆ ಕೈಯಲ್ಲಿ ಬರೆದು, ಫೋಟೋ ತೆಗೆದು ಸೇರಿಸುತ್ತಿದ್ದಾರೆ. ಫೋಟೋಗೆ ಲಾಕ್ ಹಾಕಲು ಯಾರ ಅಡ್ಡಿಯೂ ಇಲ್ಲವಲ್ಲ.