ಗೃಹವಿಕ್ರಯ ಮೀಮಾಂಸೆ

ಹಳೇ ಮನೆ ಕೊಂಡು, ಸುಣ್ಣಬಣ್ಣ ಬಳಿದು, ಲಾಭಕ್ಕೆ ಮಾರುವ ವಿದ್ಯೆಯನ್ನು ನಮ್ಮ ಪೂರ್ವಸೂರಿಗಳು ಕಡೆಗಣಿಸಿದ್ದಾರೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಕಟ್ಟಿದ ಮನೆಯನ್ನು ಹನ್ನೆರಡು ತಿಂಗಳೊಳಗೆ ಯಾರ ತಲೆಗೆ ಕಟ್ಟಬೇಕೆಂದು ಹೇಳದೆ ಹೋದ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಗಾದೆಕಾರರೂ ಮಾರಾಟದ ಬಗ್ಗೆ ಮೌನಿಗಳು. ಈ ಕೊರತೆ ನೀಗಲೆಂದು ಬೆಂಗಳೂರಿನ 30x40 ಸೈಟೊಂದನ್ನು ಆಧಾರವಾಗಿಟ್ಟುಕೊಂಡು, ಸೂತ್ರ-ಭಾಷ್ಯ ಕ್ರಮದಲ್ಲಿ ಈ ಗ್ರಂಥ ರಚಿತವಾಗಿದೆ.

ಪೂರ್ವಪಕ್ಷ: ಕೊಂಡ ಬೆಲೆಯನ್ನು ಮಾರಿದ ಬೆಲೆಯಿಂದ ಕಳೆದರೆ ಉಳಿಯುವುದೇ ಲಾಭ.

ಇದು ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಮಂಡಿಸುವ ವಾದ. ಅವರ ಷಡ್ಡಕ 2004ರಲ್ಲಿ ಹೀಗೆಯೇ ದುಡ್ಡು ಮಾಡಿದ್ದನೆಂಬುದು ಏಕೈಕ ಪ್ರಮಾಣ. ಇದನ್ನು ಖಂಡಿಸಲು ಮೂರು ಸೂತ್ರಗಳು ಸಾಕು.

ಸೂತ್ರ 1: ಮನೆಗಿಂತ ಕಾಗದವೇ ಬಲಶಾಲಿ.

ಭಾಷ್ಯ: ‘ಪೇಪರ್ಸ್ ಎಲ್ಲ ಕ್ಲಿಯರ್ ಸಾರ್’ ಎಂಬ ಬ್ರೋಕರ್‌ವಾಕ್ಯವನ್ನು ಶ್ರುತಿಯೆಂದು ಸ್ವೀಕರಿಸಕೂಡದು. ಇ.ಸಿ.ಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ಮಾರುವವರ ಅಮೆರಿಕದಲ್ಲಿರುವ ಮಗಳ ಮುನಿಸು ಅದರಲ್ಲಿ ಕಾಣದು. 2005ರ ತಿದ್ದುಪಡಿಯ ಬಳಿಕ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಆಕೆಗೂ ಸಮಪಾಲು. ಖಾತೆಯೋ, ಎ ಮತ್ತು ಬಿ ಎಂದು ದ್ವಿವಿಧ. ಬಿ ಖಾತಾ ಮನೆ ಕೊಳ್ಳುವಾಗ ಅಗ್ಗ, ಮಾರುವಾಗ ಇನ್ನೂ ಅಗ್ಗ. ಇ-ಖಾತಾ ಇಲ್ಲದಿದ್ದರೆ ಈಗ ಬೆಂಗಳೂರಿನಲ್ಲಿ ನೋಂದಣಿಯೇ ಇಲ್ಲ.

ಸೂತ್ರ 2: ಬಣ್ಣ ಮುಚ್ಚಿದ್ದನ್ನು ಮಳೆ ತೆರೆಯುತ್ತದೆ.

ಭಾಷ್ಯ: ಬಚ್ಚಲಿನ ತೇವ ಪಕ್ಕದ ಕೋಣೆಯ ಗೋಡೆಗೆ ಇಳಿದಿದ್ದರೆ ನವವಿಕ್ರಯಿಯು ಪುಟ್ಟಿ ಮೆತ್ತಿ ಎಮಲ್ಷನ್ ಬಳಿಸುತ್ತಾನೆ. ಜೂನ್‌ನಲ್ಲಿ ಗೋಡೆ ತನ್ನ ಪೂರ್ವಾಶ್ರಮಕ್ಕೆ ಮರಳುತ್ತದೆ. ಆಗ ಪೈಪು ಒಡೆಯಬೇಕು. ಪೈಪಿಗಾಗಿ ನೆಲ ಒಡೆಯಬೇಕು. ನೆಲ ಒಡೆದ ಮೇಲೆ ಹಳೇ ರೆಡ್ ಆಕ್ಸೈಡ್ ಹೊಂದುವುದಿಲ್ಲವೆಂದು ಇಡೀ ಮನೆಗೆ ಟೈಲ್ಸು. ಮೇಸ್ತ್ರಿ ಹೇಳಿದ ಆರು ಲಕ್ಷ ಹನ್ನೆರಡಾಗುವ ಪರಿ ಇದು. ಮೇಸ್ತ್ರಿಯ ದರ್ಶನ ದುರ್ಲಭ. ಶನಿವಾರ ಮಾತ್ರ ತಪ್ಪದೆ ಪ್ರತ್ಯಕ್ಷನಾಗುತ್ತಾನೆ. ಅಂದು ಬಟವಾಡೆ.

ಸೂತ್ರ 3: ಕೊಳ್ಳುವವನು ಕಂಡದ್ದೇ ದೋಷ.

ಭಾಷ್ಯ: ಮಾಡ್ಯುಲರ್ ಕಿಚನ್ನಿಗೆ ಮನಸೋತ ಪಾರ್ಟಿ ಮರುದಿನ ವಾಸ್ತು ಪಂಡಿತರೊಡನೆ ಬರುತ್ತದೆ. ಈಶಾನ್ಯದಲ್ಲಿ ಕಕ್ಕಸು, ನೈರುತ್ಯದಲ್ಲಿ ಸಂಪು. ಪ್ರತಿ ದಿಕ್ಕಿಗೂ ಒಂದೊಂದು ಲಕ್ಷ ಇಳಿಯುತ್ತದೆ. ಅಷ್ಟರಲ್ಲಿ ಆಷಾಢ; ಅದು ಮುಗಿಯುವವರೆಗೆ ಅಡ್ವಾನ್ಸಿಲ್ಲ. ಬ್ಯಾಂಕಿನ ಬಡ್ಡಿಗೆ ಆಷಾಢವಿಲ್ಲ.

ಸಿದ್ಧಾಂತ: 80 ಲಕ್ಷಕ್ಕೆ ಕೊಂಡ ಮನೆ 1.05 ಕೋಟಿಗೆ ಹೋಯಿತೆನ್ನಿ. ಪೂರ್ವಪಕ್ಷದ ಪ್ರಕಾರ ಲಾಭ 25 ಲಕ್ಷ. ಈಗ ಕಳೆಯೋಣ. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಸೇರಿ ಶೇ. 5.6, 2025ರ ಆಗಸ್ಟ್ ಕೊನೆಯಲ್ಲಿ ದುಪ್ಪಟ್ಟಾದ ನೋಂದಣಿ ಶುಲ್ಕ ಶೇ. 2. ಒಟ್ಟು 6.08 ಲಕ್ಷ. ರಿಪೇರಿ 12 ಲಕ್ಷ. ಎರಡೂ ಸಲ ಬ್ರೋಕರಿಗೆ ಶೇ. 1ರಂತೆ 1.85 ಲಕ್ಷ. 60 ಲಕ್ಷ ಸಾಲಕ್ಕೆ ಶೇ. 9ರಂತೆ ಒಂದು ವರ್ಷದ ಬಡ್ಡಿ 5.4 ಲಕ್ಷ. ಮೊತ್ತ 25.33 ಲಕ್ಷ. ನಿವ್ವಳ ಲಾಭ: ಮೈನಸ್ 33 ಸಾವಿರ.

ಇಷ್ಟಾದರೂ ತೆರಿಗೆ ಇಲ್ಲವೆಂದು ಹಿಗ್ಗಬಾರದು. 24 ತಿಂಗಳೊಳಗೆ ಮಾರಿದರೆ ಲಾಭ ಅಲ್ಪಾವಧಿಯದು. ಸಂಬಳದೊಂದಿಗೆ ಸೇರಿ ಸ್ಲ್ಯಾಬ್ ದರಕ್ಕೆ ಸಿಕ್ಕಿಬೀಳುತ್ತದೆ. ಬಡ್ಡಿಯನ್ನು ಲಾಭದಿಂದ ಕಳೆಯಬಹುದೇ ಎಂಬಲ್ಲಿ ಆಡಿಟರುಗಳೊಳಗೆ ದ್ವೈತಾದ್ವೈತ ವಾದವಿದೆ. ಕಳೆಯಕೂಡದೆಂಬ ಪಕ್ಷ ಗೆದ್ದರೆ, ನಷ್ಟವಾದವನೂ ಲಾಭದ ತೆರಿಗೆ ಕಟ್ಟಿ ಮೋಕ್ಷ ಪಡೆಯುತ್ತಾನೆ. 24 ತಿಂಗಳು ದಾಟಿಸಿ ತಾಳಿದವನಿಗೆ ದರ ಶೇ. 12.5, ತಾಳುವಷ್ಟೂ ಕಾಲ ಬಡ್ಡಿ ಬೇರೆ.

ಹಾಗಾದರೆ ಲಾಭ ಸುಳ್ಳೇ? ಅಲ್ಲ. ಅದು ಇದೆ, ಸರ್ಕಾರ, ಬ್ಯಾಂಕು, ಬ್ರೋಕರ್, ಮೇಸ್ತ್ರಿ, ಪಂಡಿತರಲ್ಲಿ ಹಂಚಿಹೋಗಿದೆ. ಮಾಲೀಕನಿಗೆ ದೊರೆಯುವುದು ಕರ್ತೃತ್ವ ಮಾತ್ರ.

ಫಲಶ್ರುತಿ: ಟೋಕನ್ ಅಡ್ವಾನ್ಸ್ ಕೊಡುವ ಮುನ್ನ ಇದನ್ನು ಓದಿದವರು ನೋಂದಣಿ ಖರ್ಚು ಕಳೆಯಲಿ, ಮೇಸ್ತ್ರಿಯ ಅಂದಾಜನ್ನು ದುಪ್ಪಟ್ಟು ಮಾಡಲಿ, ಒಂದು ವರ್ಷದ ಬಡ್ಡಿ ಕೂಡಿಸಲಿ. ಆಮೇಲೂ ಏನಾದರೂ ಮಿಕ್ಕರೆ ಕೊಳ್ಳಲಿ. ಮಿಗದಿದ್ದರೆ ಅದು ವಾಸಕ್ಕೆ ಯೋಗ್ಯವಾದ ಮನೆ, ವ್ಯಾಪಾರಕ್ಕಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಓದಿದವರಿಗೆ ಜ್ಞಾನವಂತೂ ಪ್ರಾಪ್ತಿಯಾಗುತ್ತದೆ. ಅದಕ್ಕೆ ಸದ್ಯ ಮುದ್ರಾಂಕ ಶುಲ್ಕವಿಲ್ಲ.