ಡಬಲ್ ಕವರ್ ಯಜಮಾನ್ರು

ಮಾಗಡಿ ಪೇಟೆಯಲ್ಲಿ ಇವರನ್ನು ಗುರುತಿಸುವುದು ಬಲು ಸುಲಭ. ಎರಡೂ ಕೈ ಖಾಲಿ. ಬೆನ್ನ ಹಿಂದೆ ಒಂದರೊಳಗೊಂದು ಸಿಕ್ಕಿಸಿಕೊಂಡಿರುತ್ತವೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೊಂದು ಟವಲ್ಲು, ಜೇಬಿನಲ್ಲೊಂದು ಪೆನ್ನು. ನೋಡಿದವರು, ಪಾಪ, ಸೋಮೇಶ್ವರನ ದರ್ಶನಕ್ಕೆ ಹೊರಟಿದ್ದಾರೆ ಅಂದುಕೊಳ್ಳಬೇಕು. ನಿಜವಾಗಿ ಹೊರಟಿರುವುದು ನಾಲ್ಕು ಕೆಜಿ ಅವರೆಕಾಯಿ, ಎರಡು ಕಟ್ಟು ಸೊಪ್ಪು, ಒಂದು ಕೆಜಿ ಕೋಳಿ, ಅರ್ಧ ಲೀಟರ್ ಮೊಸರು ತರಲು. ಚೀಲ? ಚೀಲ ಯಾಕೆ, ಅಂಗಡಿಯವರು ಕವರ್ ಕೊಡೋದಿಲ್ವಾ?

ಹೆಸರು ಬೇಡ. ಬೀದಿಗೊಬ್ಬರಂತೆ ಇದ್ದಾರೆ, ಒಬ್ಬರ ಹೆಸರು ಬರೆದರೆ ಉಳಿದವರು ಬೇಜಾರು ಮಾಡಿಕೊಳ್ಳುತ್ತಾರೆ. ಪೇಟೆಯವರು ಕರೆಯುವುದು ‘ಡಬಲ್ ಕವರ್ ಯಜಮಾನ್ರು’ ಎಂದು. ಅವರೆದುರಿಗೆ ಬರೀ ಯಜಮಾನ್ರು.

ಚೀಲ ಹಿಡಿಯದಿರುವುದಕ್ಕೆ ಇವರಲ್ಲಿ ಗಟ್ಟಿ ಕಾರಣವಿದೆ. ಖಾಲಿ ಚೀಲ ಹಿಡಿದು ಬೀದಿಗಿಳಿದರೆ ಮೂರನೇ ಮನೆಯ ಜಗುಲಿಯಿಂದಲೇ ‘ಏನ್ ತರಕ್ಕೆ ಹೊಂಟ್ರಿ?’ ಎಂಬ ವಿಚಾರಣೆ ಶುರುವಾಗುತ್ತದೆ. ಕೋಳಿ ಎಂದರೆ ‘ಯಾರು ಬಂದವ್ರೆ?’, ಸೊಪ್ಪು ಎಂದರೆ ‘ಯಾಕೆ, ಹುಷಾರಿಲ್ವಾ?’. ಕೈ ಬೀಸಿಕೊಂಡು ಹೋದರೆ ಗುಟ್ಟು ಗುಟ್ಟಾಗಿರುತ್ತದೆ. ಇವರ ತಂದೆಯವರು ಇದೇ ಹೆಗಲ ಟವಲ್ಲಿನಲ್ಲಿ ಅವರೆಕಾಯಿ ಗಂಟು ಕಟ್ಟಿ ತರುತ್ತಿದ್ದರು, ಬಾಡು ಮುತ್ತುಗದ ಎಲೆಯಲ್ಲಿ ಬರುತ್ತಿತ್ತು. ಈಗ ಟವಲ್ಲಿಗೆ ಬಡ್ತಿ ಸಿಕ್ಕಿದೆ, ಅದು ಮೈಮೇಲಿನ ಒಡವೆ.

ಇವರು ವ್ಯಾಪಾರ ಮಾಡುವುದನ್ನು ನಿಂತು ನೋಡಬೇಕು. ಅವರೆಕಾಯಿಯನ್ನು ಮೊದಲು ಮೂಸುತ್ತಾರೆ. ಸೊಗಡಿಲ್ಲದ ಕಾಯಿ ಕಣ್ಣಿಗೆ ಬಿದ್ದರೆ ‘ಇದು ನಮ್ಮ ಕಡೇದಲ್ಲ ಕಣಮ್ಮ’ ಎಂದು ತೀರ್ಪು ಕೊಡುತ್ತಾರೆ. ಮಾಗಡಿಯ ಅವರೆಗೆ ಬೆಂಗಳೂರು ಬಾಯಿ ಬಿಟ್ಟುಕೊಂಡು ಕಾಯುತ್ತದೆ ಎಂಬುದು ಇವರ ಜಂಬ. ಅದು ನ್ಯಾಯವಾದ ಜಂಬವೇ. ದರದಲ್ಲಿ ಐದು ರೂಪಾಯಿ ಇಳಿಸಿ, ತೂಗಿಸಿ, ತಕ್ಕಡಿ ಕೆಳಗಿಳಿದ ಮೇಲೆ ಕೊಸರಿಗೆ ಇನ್ನೊಂದು ಹಿಡಿ ಹಾಕಿಸುತ್ತಾರೆ. ಅಸಲು ವ್ಯಾಪಾರ ಶುರುವಾಗುವುದು ಆಮೇಲೆ.

‘ಕವರ್‌ಗೆ ಹಾಕು.’

‘ಕವರ್ ಇಲ್ಲ ಯಜಮಾನ್ರೆ, ಬ್ಯಾನ್ ಆಗದೆ.’

‘ಬ್ಯಾನ್ ಆಗಿರೋದು ನಂಗೂ ಗೊತ್ತು. ಎಲ್ಲಿಟ್ಟಿದೀಯ ಹೇಳು.’

ಆಕೆ ಅತ್ತಿತ್ತ ನೋಡಿ, ತಾನು ಕೂತ ಗೋಣಿಯ ಮಡಿಕೆಯಿಂದ ಒಂದನ್ನು ಎಳೆಯುತ್ತಾಳೆ. ಅದು ಎಷ್ಟು ತೆಳುವೆಂದರೆ ಉಸಿರು ಬಿಟ್ಟರೆ ಹಾರುತ್ತದೆ. ಯಜಮಾನ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಕಲ್ಯಾ ಗೇಟ್ ತನಕಾನೂ ಬರಲ್ಲ, ಡಬಲ್ ಹಾಕು’ ಎನ್ನುತ್ತಾರೆ. ಒಮ್ಮೆ ಯಾರೋ ಕಾಲೇಜು ಹುಡುಗ ‘ತೆಳು ಪ್ಲಾಸ್ಟಿಕ್ ಅಪರಾಧ ಅಂಕಲ್’ ಎಂದದ್ದಕ್ಕೆ ಇವರು ಕೊಟ್ಟ ಉತ್ತರ ಪೇಟೆಯಲ್ಲಿ ಇನ್ನೂ ಓಡಾಡುತ್ತಿದೆ: ‘ಒಂದು ಹಾಕಿದ್ರೆ ತೆಳು ಕಣಯ್ಯ. ಎರಡು ಹಾಕಿದ್ರೆ ಮೈಕ್ರಾನು ಡಬಲ್ ಆಗಲ್ವಾ?’

ನಗಬೇಡಿ. ಸರ್ಕಾರವೂ ವರ್ಷಾನುಗಟ್ಟಲೆ ಮಾಡಿದ್ದು ಇದೇ ಲೆಕ್ಕವನ್ನು. 1999ರ ನಿಯಮದಲ್ಲಿ ಕ್ಯಾರಿಬ್ಯಾಗ್ 20 ಮೈಕ್ರಾನಿಗಿಂತ ತೆಳುವಿರಬಾರದು ಎಂದಿತ್ತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ಕಾನೂನು ದಪ್ಪಗಾಗುತ್ತಾ ಬಂತು, ಗೋಣಿಯ ಮಡಿಕೆಯ ಕವರ್ ತೆಳ್ಳಗಾಗುತ್ತಾ ಬಂತು.

ದುಡ್ಡಿನ ಕಥೆ ಇನ್ನೂ ಸೊಗಸು. ಅಂಗಡಿಯವರು ಕವರನ್ನು ಬಿಟ್ಟಿ ಕೊಡಕೂಡದು, ಕನಿಷ್ಠ ಬೆಲೆಯನ್ನು ಸ್ಥಳೀಯ ಸಂಸ್ಥೆ ಗೊತ್ತುಮಾಡಬೇಕು ಎಂದು 2011ರಲ್ಲೇ ದೆಹಲಿಯಿಂದ ನಿಯಮ ಬಂದಿತ್ತು. ಯಜಮಾನ್ರ ಕಿವಿಗೆ ಅದು ಬೀಳಲೇ ಇಲ್ಲ, ಅಥವಾ ಬಿದ್ದದ್ದನ್ನು ಅವರು ಒರೆಸಿಕೊಂಡರು. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ, ತೆಳುವೋ ದಪ್ಪವೋ, ಪ್ಲಾಸ್ಟಿಕ್ ಕ್ಯಾರಿಬ್ಯಾಗೇ ಬೇಡ ಎಂದು ಪೂರ್ತಿ ನಿಷೇಧಿಸಿತು. ಸರಿಯಾಗಿ ಒಂದು ವಾರಕ್ಕೆ ಕೇಂದ್ರದ ಹೊಸ ನಿಯಮ ಬಂತು: ಕವರ್ ಕೊಡಬೇಕೆನ್ನುವ ಅಂಗಡಿಯವರು ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿ, ತಿಂಗಳಿಗೆ ಕನಿಷ್ಠ 4,000 ರೂಪಾಯಿಯಂತೆ ವರ್ಷಕ್ಕೆ 48,000 ಕಟ್ಟಬೇಕು. ಸೊಪ್ಪಿನ ಗುಡ್ಡೆಯ ಮುಂದೆ ಕೂತ ಅಜ್ಜಿಯ ಮೇಲೂ ಅನ್ವಯ, ಏಕೆಂದರೆ ಬೀದಿ ವ್ಯಾಪಾರಿಗಳ ಹೆಸರೂ ಅದರಲ್ಲಿತ್ತು. ಎರಡು ವರ್ಷಕ್ಕೆ, 2018ರ ಮಾರ್ಚಿನಲ್ಲಿ, ಆ ನಿಯಮವನ್ನೇ ಕಿತ್ತುಹಾಕಿದರು. ಅಜ್ಜಿಗೆ ಅದು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ಹೀಗಾಗಿ ಪೇಟೆಯಲ್ಲಿ ಒಂದು ವಿಚಿತ್ರ ಬೆಲೆಪಟ್ಟಿ ಹುಟ್ಟಿಕೊಂಡಿದೆ. ಬ್ಯಾನ್ ಆದ ಕವರ್ ಬಿಟ್ಟಿ. ಬ್ಯಾನ್ ಆಗದ ಕಾಗದದ ಚೀಲಕ್ಕೆ, ಬಟ್ಟೆ ಚೀಲಕ್ಕೆ ಕಾಸು. ಬೇರೆ ಹೇಗಾದೀತು? ‘ನಮ್ಮಲ್ಲಿ ಇಲ್ಲವೇ ಇಲ್ಲ’ ಎನ್ನಬೇಕಾದ ವಸ್ತುವಿಗೆ ದರ ಹಾಕುವುದೆಂತು? ಬಿಲ್ಲಿನಲ್ಲಿ ‘ಕವರ್ 2 ರೂ.’ ಎಂದು ಬರೆದರೆ ಅಂಗಡಿಯವನು ತನ್ನ ಮೇಲೆ ತಾನೇ ಸಾಕ್ಷಿ ಹೇಳಿದಂತೆ. ಕವರಿಗೆ ಕಾಸು ತೆಗೆದುಕೊಳ್ಳಬೇಕೇ ಬೇಡವೇ ಎಂದು ವಾದ ಮಾಡುವ ದೊಡ್ಡವರು ಒಂದು ದಿನ ಇಲ್ಲಿ ಬಂದು ನಿಲ್ಲಬೇಕು. ಕದ್ದು ಕೊಡುವ ಕವರಿಗೆ ಬೆಲೆಯೇ ಇಲ್ಲ, ಬೆಲೆಯಿಲ್ಲದ್ದನ್ನು ಯಾರೂ ಎಣಿಸುವುದಿಲ್ಲ.

ಯಜಮಾನ್ರ ಮನೆಯಲ್ಲಂತೂ ಎಣಿಸಲು ಆಳು ಬೇಕು. ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಒಂದು ದೊಡ್ಡ ಕವರ್ ನೇತುಹಾಕಿದೆ, ಅದರ ತುಂಬ ಕವರ್‌ಗಳು. ಹಾಸಿಗೆ ಕೆಳಗೆ ಬಟ್ಟೆ ಅಂಗಡಿಯ ಬಣ್ಣದ ಕವರ್‌ಗಳು, ಮಡಿಕೆ ಮುರಿಯದಂತೆ ಒತ್ತಿ ಇಟ್ಟವು. ‘ಬೇಕಾಯ್ತದೆ’ ಎನ್ನುವುದು ಸಿದ್ಧಾಂತ. ಬೇಕಾದ ದಿನ ಅದರಲ್ಲೊಂದನ್ನು ಜೇಬಿಗೆ ಹಾಕಿಕೊಂಡು ಹೋಗಬಹುದಲ್ಲ ಎಂದು ಮೊಮ್ಮಗಳು ಕೇಳಿದರೆ, ‘ಅದು ಮನೇದು ಕಣಮ್ಮ’ ಎಂಬ ಉತ್ತರ. ಅವರ ಮನೆಯವರು ಇದಕ್ಕೆಲ್ಲ ಬೇಸತ್ತು ಮದುವೆಮನೆಗಳಲ್ಲಿ ಕೊಟ್ಟ ತಾಂಬೂಲದ ಚೀಲಗಳನ್ನು ಬಳಸುತ್ತಾರೆ. ‘ನಾನು ಬಟ್ಟೆ ಚೀಲ ಬಿಟ್ರೆ ಬೇರೆ ಮುಟ್ಟಲ್ಲ’ ಎನ್ನುತ್ತಾರೆ. ವಧೂವರರ ಹೆಸರು ಹೊತ್ತ ಆ ಚೀಲಗಳಲ್ಲಿ ಬಹುಪಾಲು ಬಟ್ಟೆಯಂತೆ ಕಾಣುವ ಪಾಲಿಪ್ರೊಪಿಲೀನು, ಅಂದರೆ ಅದೂ ಪ್ಲಾಸ್ಟಿಕ್ಕೇ. ಆ ಸತ್ಯವನ್ನು ಅವರಿಗೆ ಹೇಳುವ ಧೈರ್ಯ ನನಗಿಲ್ಲ. ಆ ಮನೆಯಲ್ಲಿ ಕಾಫಿ ಚೆನ್ನಾಗಿರುತ್ತದೆ.

ಮಾಗಡಿಯಲ್ಲಿ ಹುಲಿಯಾದ ಯಜಮಾನ್ರು ಮಗನ ಜೊತೆ ಬೆಂಗಳೂರಿನ ಮಾಲಿಗೆ ಹೋದಾಗ ಮಾತ್ರ ಸಿಂಹವಾಗುತ್ತಾರೆ. ಎರಡು ಸಾವಿರದ ಬಿಲ್ಲು ಕಟ್ಟಿದ ಮೇಲೆ ಕೌಂಟರಿನ ಹುಡುಗಿ ‘ಬ್ಯಾಗ್ ಬೇಕಾ ಸರ್? ಹದಿನೈದು ರೂಪಾಯಿ’ ಎಂದಳೋ, ಇವರು ಜೇಬಿನಿಂದ ಒಂದು ಪತ್ರಿಕೆ ತುಣುಕು ತೆಗೆಯುತ್ತಾರೆ. ನಾಗಸಂದ್ರದ ಐಕಿಯ ಮಳಿಗೆಯಲ್ಲಿ ತನ್ನ ಹೆಸರಿದ್ದ ಚೀಲಕ್ಕೆ 20 ರೂಪಾಯಿ ತೆಗೆದುಕೊಂಡದ್ದಕ್ಕೆ 2023ರಲ್ಲಿ ಬೆಂಗಳೂರಿನ ಗ್ರಾಹಕ ಆಯೋಗ, ಆ 20 ರೂಪಾಯಿ ಬಡ್ಡಿ ಸಮೇತ ವಾಪಸ್ ಕೊಟ್ಟು, ಮೇಲೆ 3,000 ಕೊಡಿ ಎಂದ ಸುದ್ದಿ ಅದು. 2019ರಲ್ಲಿ ಚಂಡೀಗಢದಲ್ಲಿ ಬಾಟಾದವರು ಮೂರು ರೂಪಾಯಿ ಕಾಗದದ ಚೀಲಕ್ಕೆ 9,000 ತೆರಬೇಕೆಂದು ತೀರ್ಪಾದದ್ದೂ ಇವರಿಗೆ ಬಾಯಿಪಾಠ. ‘ನಿಮ್ಮ ಹೆಸರು ಬರೆದಿರೋ ಚೀಲ ನಾನು ಹೊತ್ಕೊಂಡು ಊರು ತಿರುಗ್ಬೇಕು, ಅದಕ್ಕೆ ನಾನೇ ದುಡ್ಡು ಕೊಡ್ಬೇಕಾ? ನೀವೇ ಕೂಲಿ ಕೊಡ್ಬೇಕಮ್ಮ.’ ಈ ವಾದದಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ. ಆ ಪತ್ರಿಕೆ ತುಣುಕು ಹಾಳಾಗದಿರಲೆಂದು ಯಜಮಾನ್ರು ಲ್ಯಾಮಿನೇಷನ್ ಮಾಡಿಸಿದ್ದಾರೆ. ಪ್ಲಾಸ್ಟಿಕ್ಕಿನಲ್ಲಿ.

ಜಿಪುಣರೆಂದು ತಿಳಿಯಬೇಡಿ. ಮೊನ್ನೆಯ ರಂಗನಾಥಸ್ವಾಮಿ ಜಾತ್ರೆಯಲ್ಲಿ ಪಾನಕದ ಖರ್ಚು ಪೂರ್ತಿ ಇವರದೇ. ಇವರ ಕಣ್ಣಿನಲ್ಲಿ ಕವರ್ ಒಂದು ಕೊಸರು. ತೂಕವಾದ ಮೇಲೆ ಮೇಲಿಂದ ಬೀಳುವ ಆ ಒಂದು ಹಿಡಿ ಅವರೆಕಾಯಿಗೆ ದರ ಕೇಳಿದರೆ ನೀವು ಕೊಡುತ್ತೀರಾ? ಕೇಳುವುದೇ ಅವಮಾನ. ಐರ್ಲೆಂಡಿನಲ್ಲಿ 2002ರಲ್ಲಿ ಕವರಿಗೆ 15 ಸೆಂಟ್ ಸುಂಕ ಹಾಕಿದ ಮೇಲೆ ಬಳಕೆ ನೂರಕ್ಕೆ ತೊಂಬತ್ತರಷ್ಟು ಇಳಿಯಿತು ಎಂದು ಮೊಮ್ಮಗಳು ಪಾಠ ಒಪ್ಪಿಸಿದಾಗ ಇವರು ಕೇಳಿದ್ದು ಒಂದೇ: ‘ಅವರಲ್ಲಿ ಕೊಸರು ಕೊಡೋ ಪದ್ಧತಿ ಐತಾ?’ ಅವಳು ಬಿಡಲಿಲ್ಲ. ಕೆಂಪೇಗೌಡರು ಚಿಕ್ಕಪೇಟೆ, ಅಕ್ಕಿಪೇಟೆ ಕಟ್ಟಿದಾಗ ಕವರ್ ಇತ್ತಾ ತಾತ ಎಂದಳು. ‘ಅವರಿಗೇನಮ್ಮ, ಕುದುರೆ ಇತ್ತು’ ಎಂದು ಎದ್ದು ಹೋದರು. 2025ರಲ್ಲಿ ನಮ್ಮ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಜಿಲ್ಲೆಯಾದಾಗಿನಿಂದ ಇವರಿಗೆ ಇರುವ ಆತಂಕವೂ ಇದೇ: ಹೆಸರು ಬಂದ ದಾರಿಯಲ್ಲೇ ಬೆಂಗಳೂರಿನ ಕವರ್ ರೇಟೂ ಬಂದುಬಿಟ್ಟರೆ?

ಸಂಕ್ರಾಂತಿ ಹೊತ್ತಿಗೆ ಮಾತ್ರ ಇವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಎಳ್ಳುಬೆಲ್ಲವನ್ನು ಬೆರಳುದ್ದದ ಪ್ಲಾಸ್ಟಿಕ್ ಪೊಟ್ಟಣಗಳಿಗೆ ತುಂಬಿಸಿ ಊರಿಗೆಲ್ಲ ಬೀರಿಸುತ್ತಾರೆ. ಹಿತಕಿದ ಅವರೆಯ ಸಿಪ್ಪೆಯನ್ನು ಕವರಿಗೆ ತುಂಬಿ, ಎರಡು ಗಂಟು ಹಾಕಿ, ರಸ್ತೆ ಮೂಲೆಗೆ ಎಸೆಯುತ್ತಾರೆ. ಗಂಟು ಬಿಚ್ಚಲು ದನಕ್ಕೆ ಕೈಯಿಲ್ಲ. ಸಿಪ್ಪೆಯ ವಾಸನೆಗೆ ಬಂದ ಹಸು ಕವರ್ ಸಮೇತ ನುಂಗುತ್ತದೆ. ಅದೇ ಸಂಜೆ ಅದೇ ಹಸುವಿಗೆ ಅರಿಸಿನ ಹಚ್ಚಿ, ಕಿಚ್ಚು ಹಾಯಿಸಿ, ಯಜಮಾನ್ರು ಕೈಮುಗಿಯುತ್ತಾರೆ.

ಕಳೆದ ಅವರೆ ಕಾಲದಲ್ಲಿ ಪುರಸಭೆಯವರು ಪೇಟೆಗೆ ಇಳಿದ ದಿನ ಮಾತ್ರ ಗೋಣಿಯ ಮಡಿಕೆಗಳೆಲ್ಲ ಬರಿದಾಗಿದ್ದವು. ಕವರ್‌ಗಳು ಜೀಪಿಗಿಂತ ಮೊದಲೇ ಓಡಿದ್ದವು. ಯಜಮಾನ್ರು ಐದು ಕೆಜಿ ತೂಗಿಸಿ, ಕೊಸರು ಹಾಕಿಸಿಕೊಂಡು, ಖಾಲಿ ಕೈ ಮುಂದೆ ಚಾಚಿ ನಿಂತರು. ಅವರೆಕಾಯಿ ಮಾರುವಾಕೆ ನಿಜಕ್ಕೂ ಇಲ್ಲವೆಂದಳು. ಟವಲ್ಲಿನ ಕಡೆ ಕಣ್ಣು ಹಾಯಿಸಿದಳು, ಇವರು ಟವಲ್ಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು. ಕೊನೆಗೆ ಪಕ್ಕದ ಅಂಗಡಿಯಲ್ಲಿ ನೇತಾಡುತ್ತಿದ್ದ ದಪ್ಪ ಕಾಡಾ ಬಟ್ಟೆಯ ಚೀಲವೊಂದನ್ನು, ನಲವತ್ತು ಹೇಳಿದ್ದಕ್ಕೆ ಮೂವತ್ತು ಕೊಟ್ಟು, ಕೊಂಡೇಬಿಟ್ಟರು. ಸುತ್ತ ನಿಂತವರು ಮೂಗಿನ ಮೇಲೆ ಬೆರಳಿಟ್ಟರು. ಆಕೆಯಂತೂ ಖುಷಿಯಿಂದ ಚೀಲದ ಬಾಯಿ ಅಗಲಿಸಿ ಕಾಯಿ ಸುರಿಯಲು ಹೊರಟಳು.

‘ತಡಿ ತಡಿ!’ ಯಜಮಾನ್ರು ಚೀಲ ಕಿತ್ತುಕೊಂಡರು. ‘ಹೊಸಾದು ಕಣಮ್ಮ, ಅವರೆ ಸೊಗಡು ಅಂಟ್ಕೊಂಡ್ರೆ ತೊಳೆದ್ರೂ ಹೋಗಲ್ಲ. ಎಲ್ಲಾದ್ರೂ ಹುಡುಕಿ ಒಂದು ಕವರ್ ಕೊಡು, ಕಾಯಿ ಅದಕ್ಕೆ ಹಾಕಿ ಆಮೇಲೆ ಚೀಲಕ್ಕೆ ಇಡು.’